ಸಹಿ ಹಾಕುವ ಮುಂಚೆ: ಇಲಾಖೆ ತನಿಖೆಗೆ ಬಂದಾಗ ವಕೀಲರ ಕೆಲಸ ಎಲ್ಲಿಂದ ಶುರು?

ದಾವಣಗೆರೆ ಎಪಿಎಂಸಿ ಯಾರ್ಡಿನ ಮಂಡಿಯೊಂದರಲ್ಲಿ ಬೆಳಗಿನ ತೂಕ ನಡೆದಿರುವಾಗ ಎರಡು ಕಾರು ಬಂದು ನಿಲ್ಲುತ್ತವೆ ಎಂದಿಟ್ಟುಕೊಳ್ಳಿ. ಇಳಿದವರು ಗುರುತಿನ ಚೀಟಿ ತೋರಿಸಿ ನೇರ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಇರುವ ಕಂಪ್ಯೂಟರ್ ಕಡೆ ನಡೆಯುತ್ತಾರೆ. ಗುಮಾಸ್ತ ಫೋನ್ ತೆಗೆಯುತ್ತಾನೆ: "ರೇಡ್ ಬಂದಾರ್ರೀ ಸಾವ್ಕಾರ್ರೆ." ಸಾಹುಕಾರರು ಆಡಿಟರಿಗೆ ಫೋನ್ ಮಾಡುತ್ತಾರೆ. ವಕೀಲರ ನೆನಪಾಗುವುದು ಬಹುತೇಕ ಮೂರನೆಯ ದಿನ. ಅಷ್ಟರೊಳಗೆ ಮಹಜರಿಗೆ ಸಹಿ ಬಿದ್ದಿರುತ್ತದೆ, ಹೇಳಿಕೆಗೂ ಬಿದ್ದಿರುತ್ತದೆ, ಕೆಲವರದು ಹಣ ಕಟ್ಟಿಯೂ ಆಗಿರುತ್ತದೆ. ಮುಂದೆ ವರ್ಷಗಟ್ಟಲೆ ಎಳೆಯುವ ಕೇಸು ಈ ಸಹಿಗಳ ಸುತ್ತಲೇ ಸುತ್ತುತ್ತದೆ.

ಸರ್ಕಾರಿ ತನಿಖೆಗಳನ್ನಷ್ಟೇ ಹಿಡಿಯುವ ಸಣ್ಣ ವಕೀಲ ಕಚೇರಿಗಳಿಗೆ ಕೆಲಸ ಇರುವುದು ಈ ಮೊದಲ ದಿನಗಳಲ್ಲೇ. ಬೆಂಗಳೂರಿನಲ್ಲಿ ಅಂಥವು ಇವೆ: ನಾಲ್ಕೈದು ವಕೀಲರು, ಲೆಕ್ಕ ಬಲ್ಲ ಒಬ್ಬರು, ಮೊಬೈಲು-ಕಂಪ್ಯೂಟರ್ ದಾಖಲೆ ಬಲ್ಲ ಇನ್ನೊಬ್ಬರು. ದಾವಣಗೆರೆ, ಚಿತ್ರದುರ್ಗದಲ್ಲಿ ಇದೇ ಕೆಲಸವನ್ನು ಊರಿನ ಕ್ರಿಮಿನಲ್ ವಕೀಲರು, ತೆರಿಗೆ ವಕೀಲರು, ರಿಟ್ ಹಾಕಲು ಹೈಕೋರ್ಟಿನ ಒಬ್ಬರು ಕೂಡಿ ಮಾಡಬಹುದು. ದಾವಣಗೆರೆಗೆ ಧಾರವಾಡವೇ ಹತ್ತಿರ, ಆದರೆ ಎರಡೂ ಜಿಲ್ಲೆ ಸೇರಿರುವುದು ಬೆಂಗಳೂರಿನ ಪ್ರಧಾನ ಪೀಠಕ್ಕೆ. ತುರ್ತು ರಿಟ್ ಎಂದರೆ ರಾತ್ರಿಯೇ ಕಾಗದ ಕಳಿಸಬೇಕು. ಕೋರ್ಟಿನಲ್ಲಿ ವಾದ ಮಾಡುವುದು ಈ ಕೆಲಸದ ಸಣ್ಣ ಪಾಲು. ಹೆಚ್ಚಿನದು ಕೇಸು ಕೋರ್ಟಿಗೆ ಹೋಗುವ ಮೊದಲೇ ಮುಗಿದಿರುತ್ತದೆ.

ಬಂದವರ ಕೈಯಲ್ಲಿ ಯಾವ ಕಾಗದ?

ನಾವು "ರೇಡ್" ಎಂಬ ಒಂದೇ ಮಾತಿನಲ್ಲಿ ಹೇಳುವುದು ಕಾನೂನಿನಲ್ಲಿ ಬೇರೆ ಬೇರೆ. ಜಿಎಸ್‌ಟಿ ಕಾಯ್ದೆಯ 67(1) ಪರಿಶೀಲನೆಗೆ, 67(2) ಶೋಧ ಮತ್ತು ಜಪ್ತಿಗೆ. ಎರಡಕ್ಕೂ ಜಂಟಿ ಆಯುಕ್ತರ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿಯ ಲಿಖಿತ ಅನುಮತಿ ಬೇಕು. ಅದು ಐಎನ್‌ಎಸ್-01 ನಮೂನೆಯಲ್ಲಿರುತ್ತದೆ. ಅದರಲ್ಲಿ ಯಾವ ಅಂಗಡಿ, ಯಾವ ಗೋದಾಮು, ಯಾವ ಅಧಿಕಾರಿ ಎಂದು ಬರೆದಿರಬೇಕು. ಯಾರ್ಡಿನ ಅಂಗಡಿಗೆ ಬರೆದ ಅನುಮತಿ ಹಿಡಿದು ಮನೆಗೆ ಹೋಗುವಂತಿಲ್ಲ. ಕೇಂದ್ರ ಜಿಎಸ್‌ಟಿಯವರ ಪತ್ರವಾದರೆ ಅದರ ಮೇಲೆ ದಾಖಲೆ ಗುರುತಿನ ಸಂಖ್ಯೆ, ಅಂದರೆ ಡಿಐಎನ್ ಇರಬೇಕು. 2019ರ ನವೆಂಬರ್ 8ರಿಂದ ಈ ಪದ್ಧತಿ ಇದೆ, ಮೊಬೈಲಿನಲ್ಲೇ ಇಲಾಖೆಯ ಜಾಲತಾಣ ತೆರೆದು ಸಂಖ್ಯೆ ಪರೀಕ್ಷಿಸಬಹುದು. ನಕಲಿ ಅಧಿಕಾರಿಗಳು ಬಂದು ದುಡ್ಡು ಹೊತ್ತೊಯ್ದ ಸುದ್ದಿಗಳು ಇರುವಾಗ ಇದು ಬರೀ ತಾಂತ್ರಿಕ ಮಾತಲ್ಲ.

ಆದಾಯ ತೆರಿಗೆಯಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. 1961ರ ಕಾಯ್ದೆಯ 133ಎ ಪ್ರಕಾರ ಬಂದರೆ ಅದು ಸರ್ವೆ. ವ್ಯವಹಾರದ ಜಾಗಕ್ಕೆ, ವ್ಯವಹಾರದ ಹೊತ್ತಿನಲ್ಲಿ ಮಾತ್ರ ಬರಬಹುದು. ಪುಸ್ತಕ ವಶಕ್ಕೆ ತೆಗೆದುಕೊಳ್ಳಬಹುದು, ನಗದು ಮತ್ತು ಸರಕು ಒಯ್ಯುವಂತಿಲ್ಲ. ಪ್ರಮಾಣ ಬೋಧಿಸಿ ಹೇಳಿಕೆ ಪಡೆಯುವ ಅಧಿಕಾರವೂ ಆ ಕಾಯ್ದೆಯ ಸರ್ವೆಯಲ್ಲಿ ಇಲ್ಲ. 132ರ ಶೋಧವಾದರೆ ಮನೆ, ಲಾಕರ್, ಬಂಗಾರ ಎಲ್ಲವೂ ಬರುತ್ತದೆ, ಹೇಳಿಕೆ ಪ್ರಮಾಣದ ಮೇಲೆಯೇ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಕಾಯ್ದೆಯಲ್ಲಿ ಕಲಂ ಸಂಖ್ಯೆಗಳು ಬದಲಾಗಿವೆ. ಸರ್ವೆ ಬೇರೆ, ಶೋಧ ಬೇರೆ ಎಂಬುದು ಹಾಗೇ ಇದೆ. ಬಂಗಾರದ ಬಗ್ಗೆ ಮನೆಮಂದಿಗೆ ಒಂದು ಮಾತು ಗೊತ್ತಿರಲಿ: 1994ರ ಸೂಚನೆಯಂತೆ ಮದುವೆಯಾದ ಹೆಂಗಸಿನ ಹೆಸರಿಗೆ 500 ಗ್ರಾಂ, ಮದುವೆಯಾಗದವಳಿಗೆ 250 ಗ್ರಾಂ, ಗಂಡಸಿಗೆ 100 ಗ್ರಾಂವರೆಗಿನ ಒಡವೆಯನ್ನು ಶೋಧದಲ್ಲಿ ಜಪ್ತಿ ಮಾಡಬಾರದು.

ಬಾಗಿಲಲ್ಲಿ ತಡೆಯುವುದು, ಮೊಬೈಲು ಬಚ್ಚಿಡುವುದು, ಪೆನ್ ಡ್ರೈವ್ ಕಿಟಕಿಯಿಂದಾಚೆ ಎಸೆಯುವುದು ಬೇಡ. ಶೋಧದಲ್ಲಿ ಬೀಗ ತೆಗೆಯದಿದ್ದರೆ ಒಡೆಯುವ ಅಧಿಕಾರ ಅವರಿಗಿದೆ. ವಾಟ್ಸ್ಆ್ಯಪ್ ಅಳಿಸಿದರೆ ತೆರಿಗೆಯ ವ್ಯಾಜ್ಯದ ಮೇಲೆ ಸಾಕ್ಷ್ಯನಾಶದ ಇನ್ನೊಂದು ಅಪರಾಧವನ್ನು ನಾವೇ ಹೊಲಿದುಕೊಂಡಂತೆ. ಅಳಿಸಿದ್ದು ಆಚೆ ಕಡೆಯವರ ಫೋನಿನಲ್ಲಿ ಇದ್ದೇ ಇರುತ್ತದೆ.

ಮಹಜರು: ಚೀಲ ಎಣಿಸುವ ಹೊತ್ತು

ಶೋಧದ ದಿನ ವಕೀಲರು ಒಳಗೆ ನಿಂತು ವಾದ ಮಾಡುವುದಿಲ್ಲ. ಮಹಜರಿನಲ್ಲಿ ಏನು ಬರೆಯುತ್ತಾರೆ, ಏನು ಬಿಡುತ್ತಾರೆ ಎಂಬುದರ ಮೇಲೆ ಕಣ್ಣಿಡಿಸುತ್ತಾರೆ. ಶುರುವಾದ ಗಂಟೆ, ಮುಗಿದ ಗಂಟೆ, ಇಬ್ಬರು ಪಂಚರು ಯಾರು, ಅವರು ನಿಜಕ್ಕೂ ಇಡೀ ಹೊತ್ತು ಇದ್ದರೇ ಅಥವಾ ಕೊನೆಗೆ ಸಹಿಗಷ್ಟೇ ಬಂದರೇ, ಯಾವ ಪುಸ್ತಕದ ಎಷ್ಟು ಹಾಳೆ, ಮೊಬೈಲಿನ ಐಎಂಇಐ ಸಂಖ್ಯೆ, ಹಾರ್ಡ್ ಡಿಸ್ಕಿನ ಹ್ಯಾಶ್ ಸಂಖ್ಯೆ (ಒಳಗಿನ ದಾಖಲೆ ಬದಲಾದರೆ ತಾನೂ ಬದಲಾಗುವ ಗುರುತು). ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಬರೆಯಲೇಬೇಕು. ಜಪ್ತಿಯ ದಿನ ಬರೆಯದ ಸಂಖ್ಯೆ ಆರು ತಿಂಗಳ ಮೇಲೆ ಹುಟ್ಟಿಕೊಂಡರೆ ಪ್ರಶ್ನೆ ಎತ್ತಲು ಅದೇ ದಾರಿ. ಒಯ್ಯುವ ದಾಖಲೆಗಳ ನಕಲು ಪಡೆಯುವ ಹಕ್ಕು ಜಿಎಸ್‌ಟಿಯ 67(5)ರಲ್ಲೇ ಇದೆ. ಟ್ಯಾಲಿ ಬ್ಯಾಕಪ್ ಕೇಳಿ ಪಡೆಯದಿದ್ದರೆ ಮರುದಿನದ ವ್ಯಾಪಾರವೇ ನಿಲ್ಲುತ್ತದೆ.

ನಮ್ಮ ಕಡೆ ಹೆಚ್ಚು ಪೆಟ್ಟು ಬೀಳುವುದು ದಾಸ್ತಾನಿನ ಲೆಕ್ಕದಲ್ಲಿ. ಮೆಕ್ಕೆಜೋಳದ ಗೋದಾಮು ನೋಡಿ. ಶೇ 18 ತೇವಾಂಶವಿದ್ದ 1,000 ಕ್ವಿಂಟಲ್ ಕೊಂಡು ಒಣಗಿಸಿ ಶೇ 14ಕ್ಕೆ ತಂದರೆ, ಅದರೊಳಗಿನ ಒಣ ಅಂಶ 820 ಕ್ವಿಂಟಲ್ ಅಷ್ಟೇ ಉಳಿದು, ಒಟ್ಟು ತೂಕ 820ನ್ನು 0.86ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 953.5 ಕ್ವಿಂಟಲ್ ಆಗುತ್ತದೆ. ಒಂದು ಕಾಳೂ ಹೊರಗೆ ಹೋಗದೆ 46.5 ಕ್ವಿಂಟಲ್ ಗಾಳಿಗೆ ಹೋಗಿದೆ. ಪುಸ್ತಕದಲ್ಲಿ 1,000, ಗೋದಾಮಿನಲ್ಲಿ 953.5, ಸರ್ವೆ ಅಧಿಕಾರಿ ಬರೆಯುವುದು "ಲೆಕ್ಕಕ್ಕೆ ಬಾರದ ಮಾರಾಟ 46.5 ಕ್ವಿಂಟಲ್". ಆ ದಿನವೇ ತೇವಾಂಶ ಮೀಟರಿನ ಅಂಕಿ ಮಹಜರಿನಲ್ಲಿ ಬಂದಿದ್ದರೆ ಒಂದೇ ಹಾಳೆಯ ಉತ್ತರ ಸಾಕು. ಬರದಿದ್ದರೆ ನಂತರ ಕೊಡುವ ಯಾವ ಲೆಕ್ಕವೂ "ಆಮೇಲೆ ಹೊಳೆದದ್ದು" ಅನಿಸಿಕೊಳ್ಳುತ್ತದೆ.

ಅಡಿಕೆಯಲ್ಲಿ ತಪ್ಪಿನ ದಾರಿ ಬೇರೆ. ಚನ್ನಗಿರಿ, ಭೀಮಸಮುದ್ರದ ಮಂಡಿ ಗೋದಾಮುಗಳಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂಬ ಬೇರೆ ಬೇರೆ ದರದ ಬಗೆಗಳೆಲ್ಲ ಅಕ್ಕಪಕ್ಕದಲ್ಲೇ ಇರುತ್ತವೆ. ಹತ್ತು ಚೀಲ ತೂಗಿ ಸರಾಸರಿ ತೆಗೆದು, ಗೊರಬಲಿಗೂ ರಾಶಿಯ ದರ ಹಾಕಿದರೆ ಮೌಲ್ಯ ಉಬ್ಬುತ್ತದೆ. ಅದಕ್ಕಿಂತ ದೊಡ್ಡದು, ದಲಾಲಿ ಮಂಡಿಯಲ್ಲಿ ಇರುವ ಮಾಲಿನಲ್ಲಿ ಬಹಳಷ್ಟು ರೈತರದ್ದು. ದರ ಬರಲೆಂದು ಇಟ್ಟುಹೋದದ್ದು. ಅದು ಮಂಡಿಯವರ ದಾಸ್ತಾನೇ ಅಲ್ಲ. ಆವಕ ಪುಸ್ತಕ, ರೈತರ ಹೆಸರಿನ ಲಾಟ್ ಚೀಟಿ ಅಲ್ಲೇ ತೋರಿಸಿ, "ಇಷ್ಟು ಚೀಲ ರೈತರದೆಂದು ಮಾಲೀಕರು ತಿಳಿಸಿದರು" ಎಂಬ ಒಂದು ಸಾಲು ಬರೆಸಬೇಕು. ಬರೆಯಲು ಒಪ್ಪದಿದ್ದರೆ ಸಹಿಯ ಪಕ್ಕದಲ್ಲಿ ಕೈಬರಹದಲ್ಲಿ ತಾವೇ ಬರೆಯಬಹುದು. ಅದಕ್ಕೂ ಬಿಡದಿದ್ದರೆ ಅಂದೇ ಸಂಜೆ ಇಮೇಲ್, ಮರುದಿನ ಸ್ಪೀಡ್ ಪೋಸ್ಟ್.

ಅಳತೆಯ ಕಾಗದ ಎಷ್ಟು ಭಾರ ಎಂದು ಚಿತ್ರದುರ್ಗದವರಿಗೆ ಹೇಳಬೇಕಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಬೆನ್ನಿಗೇ ಚಿತ್ರದುರ್ಗ, ತುಮಕೂರಿನ ಅದಿರು ಗಣಿಗಳನ್ನೂ ನಿಲ್ಲಿಸಿತು. ಆಮೇಲೆ ಗಡಿ ಅಳೆದು ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಗಡಿಯಾಚೆ ತೋಡಿದ ಗುಂಡಿ ಗುತ್ತಿಗೆ ವಿಸ್ತೀರ್ಣದ ಶೇ 10 ದಾಟಿದರೆ, ಇಲ್ಲವೇ ಗಡಿಯಾಚೆ ಸುರಿದ ಮಣ್ಣು ಶೇ 15 ದಾಟಿದರೆ "ಸಿ". 2013ರ ಏಪ್ರಿಲ್ 18ರ ತೀರ್ಪಿನಲ್ಲಿ "ಸಿ" ಗುತ್ತಿಗೆಗಳು ರದ್ದಾದವು.

ಸಮನ್ಸ್ ಮತ್ತು ಹೇಳಿಕೆ

ಜಿಎಸ್‌ಟಿಯ 70ನೇ ಕಲಮಿನ ಸಮನ್ಸ್ ಬಂತೆಂದರೆ ಆರೋಪಿಯಾದಂತೆ ಅಲ್ಲ. ಆದರೆ ಅಲ್ಲಿ ಹೇಳಿದ್ದು ಸಾಕ್ಷ್ಯ. ಜಿಎಸ್‌ಟಿ ಅಧಿಕಾರಿ ಪೊಲೀಸ್ ಅಲ್ಲವಾದ್ದರಿಂದ, ಪೊಲೀಸರ ಮುಂದಿನ ತಪ್ಪೊಪ್ಪಿಗೆ ನಡೆಯುವುದಿಲ್ಲ ಎಂಬ ನಿಯಮ ಇಲ್ಲಿ ರಕ್ಷಣೆಗೆ ಬರುವುದಿಲ್ಲ. ಇದು ತಿಳಿಯದೆ "ಹೋಗಿ ಮಾತಾಡ್ಕೊಂಡು ಬರ್ತೀನಿ" ಎಂದು ಹೋದವರೇ ಹೆಚ್ಚು ಸಿಕ್ಕಿಕೊಳ್ಳುವುದು.

2022ರ ಆಗಸ್ಟ್ 17ರ ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ ಸೂಚನೆ ಉಪಯೋಗಕ್ಕೆ ಬರುತ್ತದೆ. ಪೋರ್ಟಲಿನಲ್ಲೇ ಸಿಗುವ ದಾಖಲೆಗೆ ಸಮನ್ಸ್ ಕೊಡಬಾರದು, ಕಂಪನಿಯ ಮೇಲಿನವರನ್ನು ಮೊದಲ ಹಂತದಲ್ಲೇ ಕರೆಸಬಾರದು, ಬಾರದಿದ್ದಕ್ಕೆ ದೂರು ಹೂಡುವ ಮೊದಲು ಸಾಮಾನ್ಯವಾಗಿ ಕನಿಷ್ಠ ಮೂರು ಸಮನ್ಸ್ ಆಗಿರಬೇಕು ಎಂದು ಅದರಲ್ಲಿದೆ. ಹಾಗೆಂದು ಮೊದಲೆರಡನ್ನು ಮೂಲೆಗೆ ಎಸೆಯುವುದು ದಡ್ಡತನ. ತಯಾರಿಗೆ ಹೊತ್ತು ಬೇಕಾದರೆ ದಿನಾಂಕಕ್ಕೆ ಮುಂಚೆಯೇ ಕಾರಣ ಬರೆದು, ಬೇರೆ ದಿನ ತಾವೇ ಸೂಚಿಸಿ ಕೇಳಬೇಕು.

ತಯಾರಿ ಎಂದರೆ ಉತ್ತರ ಬಾಯಿಪಾಠ ಮಾಡಿಸುವುದಲ್ಲ. ಒಳ್ಳೆಯ ಕಚೇರಿ ಮೊದಲು ದಿನಾಂಕವಾರು ಪಟ್ಟಿ ಮಾಡುತ್ತದೆ: ಯಾವ ಬಿಲ್, ಯಾವ ಲಾರಿ, ಯಾವ ಬ್ಯಾಂಕ್ ಪಾವತಿ. ಆಮೇಲೆ ಎರಡು-ಮೂರು ತಾಸು ಅಧಿಕಾರಿಯಂತೆ ಕೂತು ಪ್ರಶ್ನೆ ಕೇಳುತ್ತದೆ. ನಿಜಕ್ಕೂ ನೆನಪಿಲ್ಲದ್ದಕ್ಕೆ "ನೆನಪಿಲ್ಲ, ಪುಸ್ತಕ ನೋಡಿ ಲಿಖಿತವಾಗಿ ಕೊಡುತ್ತೇನೆ" ಎಂಬುದೇ ಸರಿ. ಊಹಿಸಿ ಹೇಳಿದ ಅಂಕಿ ಬೆನ್ನು ಬಿಡುವುದಿಲ್ಲ. "ಅದೆಲ್ಲ ಆಡಿಟರ್ ನೋಡ್ಕೋತಾರೆ" ಎಂಬ ಉತ್ತರವಂತೂ ಯಾರನ್ನೂ ಉಳಿಸಿಲ್ಲ. ಮರುದಿನ ಆಡಿಟರಿಗೆ ಸಮನ್ಸ್ ಹೋಗುತ್ತದೆ, ಅವರು ತಮ್ಮ ತಲೆ ಉಳಿಸಿಕೊಳ್ಳಲು ನೋಡುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಕೇಸು ಕೆಡುವುದು ಭಾಷೆಯಲ್ಲಿ. ಮಂಡಿಯವರು ಹೇಳುವುದು ಕನ್ನಡದಲ್ಲಿ, ಟೈಪ್ ಆಗುವುದು ಇಂಗ್ಲಿಷಿನಲ್ಲಿ. "ಬಿಲ್ ಇಲ್ದೆ ಮಾಲು ಬರ್ತದೆ ಸರ್" ಎಂದರೆ ಯಾರ್ಡಿನಲ್ಲಿ ಎಲ್ಲರಿಗೂ ಅರ್ಥವಾಗುವುದು ರೈತನ ಮಾಲು ಎಂದು. ತನ್ನ ಹೊಲದ ಬೆಳೆ ಮಾರುವ ರೈತ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ, 23ನೇ ಕಲಮೇ ಹಾಗೆ ಹೇಳುತ್ತದೆ. ನೋಂದಣಿ ಇಲ್ಲದವನು ಬಿಲ್ ಎಲ್ಲಿಂದ ತರಬೇಕು? ಆದರೆ ಇಂಗ್ಲಿಷಿಗೆ ಹೋಗುವಾಗ ರೈತ ಕಳೆದುಹೋಗಿ, "ನಾವು ಬಿಲ್ ಇಲ್ಲದೆ ಸರಕು ಖರೀದಿಸುತ್ತೇವೆ" ಎಂಬಷ್ಟೇ ಉಳಿಯುತ್ತದೆ. ಕೆಳಗೆ "ನನಗೆ ಓದಿ ಹೇಳಲಾಯಿತು, ಒಪ್ಪಿದ್ದೇನೆ" ಎಂಬ ಸಾಲು, ಅದರ ಕೆಳಗೆ ಸಹಿ. ಆದ್ದರಿಂದ ಕನ್ನಡದಲ್ಲಿ ತಾನೇ ಕೈಯಾರೆ ಬರೆಯುತ್ತೇನೆ ಎಂದು ಕೇಳಬೇಕು. ಆಗದಿದ್ದರೆ ಪ್ರತಿ ಪುಟವನ್ನೂ ಕನ್ನಡದಲ್ಲಿ ಹೇಳಿಸಿಕೊಂಡು, ತಪ್ಪಿದ್ದಲ್ಲಿ ತಿದ್ದಿ ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ, ಖಾಲಿ ಜಾಗಕ್ಕೆ ಗೆರೆ ಎಳೆದು, ಕೊನೆಗೆ ದಿನಾಂಕದ ಜತೆ ಗಂಟೆಯನ್ನೂ ಬರೆಯಬೇಕು. ರಾತ್ರಿ 11ಕ್ಕೆ ಮುಗಿದಿದ್ದರೆ ಆ 11 ಎಂಬ ಅಂಕಿಯೇ ಮುಂದೆ ಮಾತಾಡುತ್ತದೆ.

ವಕೀಲರು ಜತೆಗೆ ಕೂರಬಹುದೇ? ಹಕ್ಕಾಗಿ ಕೇಳುವಂತಿಲ್ಲ, ಕಸ್ಟಮ್ಸ್ ವಿಚಾರಣೆ ಕುರಿತ 1992ರ ಪೂಲಪಾಂಡಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹಾಗೆಂದಿದೆ. ಆದರೆ ಒತ್ತಡದ ಭಯಕ್ಕೆ ಆಧಾರವಿದ್ದರೆ ಕೋರ್ಟುಗಳು "ಕಾಣುವಷ್ಟು ದೂರ, ಕೇಳದಷ್ಟು ದೂರ" ವಕೀಲರು ಇರಲು ಅನುಮತಿ ಕೊಟ್ಟಿವೆ. ಗಾಜಿನ ಬಾಗಿಲಿನಾಚೆ ಒಬ್ಬರು ಕೂತಿದ್ದಾರೆ ಎಂಬುದೇ ಕೋಣೆಯ ಧ್ವನಿಯನ್ನು ಎಷ್ಟೋ ಇಳಿಸುತ್ತದೆ.

ಹೊರಬಂದ ರಾತ್ರಿಯೇ ಏನು ಕೇಳಿದರು, ಏನು ಹೇಳಿದೆ, ಯಾವ ಕಾಗದ ತೋರಿಸಿದರು ಎಂದು ವಕೀಲರಿಗೆ ಬರೆದುಕೊಡಬೇಕು. ಹೆದರಿಸಿ ಬರೆಸಿಕೊಂಡದ್ದಿದ್ದರೆ ಹಿಂತೆಗೆತದ ಪತ್ರ ಒಂದೆರಡು ದಿನದೊಳಗೆ, ಯಾವ ಉತ್ತರ, ಯಾಕೆ ತಪ್ಪು ಎಂದು ಸಾಲು ಸಾಲಾಗಿ ಹೋಗಬೇಕು. ನೋಟಿಸ್ ಬಂದ ಮೇಲೆ, ಎಂಟು ತಿಂಗಳಿಗೆ, "ಆ ಹೇಳಿಕೆ ನನ್ನದಲ್ಲ" ಎಂದರೆ ಯಾರೂ ಒಪ್ಪುವುದಿಲ್ಲ.

ಅಂದೇ ಹಣ ಕಟ್ಟಿ ಬಿಡಲೇ?

ಶೋಧದ ರಾತ್ರಿ ಡಿಆರ್‌ಸಿ-03 ಎಂಬ ಪಾವತಿ ನಮೂನೆಯಲ್ಲಿ "ಸ್ವಇಚ್ಛೆಯಿಂದ" ಕಟ್ಟಿಸಿಕೊಳ್ಳುವ ರೂಢಿ ಹಳೆಯದು. ಶೋಧದ ವೇಳೆ ವಸೂಲಿ ಮಾಡುವಂತಿಲ್ಲ ಎಂದು 2022ರ ಮೇ 25ರಂದು ಮಂಡಳಿಯೇ ಸೂಚನೆ ಕೊಟ್ಟಿದೆ. ಅದೇ ವರ್ಷ ಮಾರ್ಚಿನಲ್ಲಿ ಸ್ವಿಗ್ಗಿ ನಡೆಸುವ ಬಂಡಲ್ ಟೆಕ್ನಾಲಜೀಸ್ ಪ್ರಕರಣದಲ್ಲಿ ನಮ್ಮ ಹೈಕೋರ್ಟು, ತನಿಖೆಯ ನಡುವೆ ಕಟ್ಟಿಸಿಕೊಂಡ 27.51 ಕೋಟಿ ರೂಪಾಯಿ ಸ್ವಇಚ್ಛೆಯದಲ್ಲವೆಂದು ವಾಪಸಿಗೆ ಹೇಳಿದ್ದ ಆದೇಶವನ್ನು ಎತ್ತಿಹಿಡಿಯಿತು.

ಹಾಗಂತ ಕಟ್ಟುವುದೇ ತಪ್ಪೆಂದಲ್ಲ. ನಿಜಕ್ಕೂ ಬಾಕಿ ಇದ್ದರೆ ಲೆಕ್ಕ ಹೀಗಿದೆ. ವಂಚನೆಯ ಆರೋಪದಲ್ಲಿ 20 ಲಕ್ಷ ತೆರಿಗೆ ಬಾಕಿ ಎಂದುಕೊಳ್ಳಿ. ನೋಟಿಸಿಗೆ ಮುಂಚೆ ಕಟ್ಟಿದರೆ ದಂಡ ಶೇ 15, ಅಂದರೆ 3 ಲಕ್ಷ. ನೋಟಿಸ್ ಬಂದ ಮೇಲೆ ಗಡುವಿನೊಳಗೆ ಕಟ್ಟಿದರೆ 5 ಲಕ್ಷ, ಆದೇಶದ ನಂತರ ಗಡುವಿನೊಳಗೆ 10 ಲಕ್ಷ, ಅದೂ ದಾಟಿದರೆ ಪೂರ್ತಿ 20 ಲಕ್ಷ. ಬಡ್ಡಿ ಬೇರೆ. 2023–24ರವರೆಗಿನ ವರ್ಷಗಳಿಗೆ 74ನೇ ಕಲಂ ಪ್ರಕಾರ ಆ ಗಡುವು 30 ದಿನ, 2024–25ರಿಂದ 74ಎ ಪ್ರಕಾರ 60 ದಿನ. ಯಾವ ಭಾಗ ಒಪ್ಪಿ ಕಟ್ಟುವುದು, ಯಾವುದನ್ನು ಹೋರಾಡುವುದು ಎಂದು ಬಿಡಿಸುವ ಕೆಲಸಕ್ಕೆ ನಾಲ್ಕು ದಿನ ಬೇಕು, ರಾತ್ರಿ ಹನ್ನೊಂದರಲ್ಲಿ ಆಗದು. ಅನಿವಾರ್ಯವಾಗಿ ಕಟ್ಟಲೇಬೇಕಾದರೆ "ಆಕ್ಷೇಪಕ್ಕೆ ಒಳಪಟ್ಟು" ಎಂಬ ಮಾತು ಜತೆಗಿನ ಪತ್ರದಲ್ಲಿರಲಿ.

ಅಡಿಕೆ, ಗುಜರಿ, ಕಬ್ಬಿಣದ ವ್ಯಾಪಾರಿಗಳಿಗೆ ಬರುವ ಮಾಮೂಲಿ ಆರೋಪ "ಬರೀ ಬಿಲ್ ಬಂದಿದೆ, ಮಾಲು ಬಂದಿಲ್ಲ". ಮಾರಿದವನ ನೋಂದಣಿಯನ್ನು ಹಿಂದಿನ ತಾರೀಖಿನಿಂದ ರದ್ದುಮಾಡಿ, ಕೊಂಡವನ ಇನ್‌ಪುಟ್ ತೆರಿಗೆಗೆ, ಅಂದರೆ ಕೊಳ್ಳುವಾಗ ಕಟ್ಟಿದ್ದಕ್ಕೆ ಸಿಗುವ ವಜಾಕ್ಕೆ, ಕೈಹಾಕುತ್ತಾರೆ. 2023ರ ಮಾರ್ಚಿನ ಇಕಾಮ್ ಗಿಲ್ ಕಾಫಿ ತೀರ್ಪು ಕರ್ನಾಟಕದ ಹಳೆಯ ವ್ಯಾಟ್ ಕಾಯ್ದೆಯಡಿ ಬಂದದ್ದಾದರೂ ಇಲಾಖೆ ಇಂದಿಗೂ ಅದನ್ನೇ ಮುಂದಿಡುತ್ತದೆ: ಬಿಲ್ಲು ಮತ್ತು ಚೆಕ್ಕು ಸಾಲದು, ಮಾಲು ಓಡಾಡಿದ್ದನ್ನು ಕೊಂಡವನೇ ತೋರಿಸಬೇಕು. ಹಾಗಾಗಿ ಲಾರಿ ನಂಬರು, ಬಾಡಿಗೆ ಕೊಟ್ಟ ದಾಖಲೆ, ವೇ-ಬ್ರಿಡ್ಜ್ ಚೀಟಿ, ಟೋಲ್ ದಾಟಿದ ಫಾಸ್ಟ್ಯಾಗ್ ವಿವರ, ಹಮಾಲಿ ಪುಸ್ತಕ. ಇವುಗಳಲ್ಲಿ ಅರ್ಧ ಬೇರೆಯವರ ಕೈಯಲ್ಲಿರುತ್ತವೆ. ಲಾರಿ ಮಾಲೀಕ ಎರಡು ವರ್ಷದ ಮೇಲೆ ಹುಡುಕಿದರೆ ಸಿಗುವುದಿಲ್ಲ. ಮೊದಲ ವಾರದಲ್ಲೇ ಜೂನಿಯರ್ ವಕೀಲರನ್ನು ವೇ-ಬ್ರಿಡ್ಜಿಗೆ ಅಟ್ಟುವುದು ಅದಕ್ಕೇ.

ಆಡಿಟರ್ ಮತ್ತು ವಕೀಲ: ಒಂದೇ ಅಲ್ಲ

ಸಾಕ್ಷ್ಯ ಅಧಿನಿಯಮದ 132ನೇ ಕಲಂ ವಕೀಲರ ಜತೆಗಿನ ಮಾತಿಗೆ ರಕ್ಷಣೆ ಕೊಡುತ್ತದೆ. ಆಡಿಟರ್ ಜತೆಗಿನ ಮಾತಿಗೆ ಆ ಬೇಲಿ ಇಲ್ಲ. "ಇದನ್ನ ಆ ತಿಂಗಳಿಗೆ ಅಡ್ಜಸ್ಟ್ ಮಾಡ್ರಿ" ಎಂದು ಆಡಿಟರಿಗೆ ಕಳಿಸಿದ ಒಂದು ವಾಟ್ಸ್ಆ್ಯಪ್ ಸಾಲು, ಅದರ ಅರ್ಥ ಎಷ್ಟೇ ನಿರಪಾಯವಾಗಿದ್ದರೂ, ತನಿಖೆಯ ಕಡತದ ಮೊದಲ ಪುಟಕ್ಕೆ ಹೋಗುತ್ತದೆ. ವರ್ಷಾನುಗಟ್ಟಲೆ ಲೆಕ್ಕ ಬರೆದ ಆಡಿಟರ್ ನಾಳೆ ಸಾಕ್ಷಿಯಾಗಬಹುದು. ಅದಕ್ಕೇ ವಕೀಲರು ಮರುಲೆಕ್ಕಕ್ಕೆ ಬೇರೊಬ್ಬ ಆಡಿಟರನ್ನು ಹಿಡಿಯುತ್ತಾರೆ. ಹಳೆಯವರಿಗೆ ಇದರಿಂದ ಬೇಸರವಾಗುವುದುಂಟು. ಪಾಲುದಾರರು, ಗುಮಾಸ್ತ, ಲಾರಿ ಏಜೆಂಟ್ ಎಲ್ಲರಿಗೂ ಒಬ್ಬರೇ ವಕೀಲರು ಎಂಬ ಉಳಿತಾಯವೂ ಬೇಡ. ಗುಮಾಸ್ತನ ಹಿತ ಸಾಹುಕಾರರ ಹಿತಕ್ಕೆ ಎದುರಾಗುವ ದಿನ ಬಂದರೆ ಆ ವಕೀಲರು ಇಬ್ಬರನ್ನೂ ಬಿಡಬೇಕಾಗುತ್ತದೆ.

ಬಂಧನದ ಭಯದ ಬಗ್ಗೆ ಎರಡು ಮಾತು. ನಕಲಿ ಬಿಲ್, ಗ್ರಾಹಕರಿಂದ ವಸೂಲಿ ಮಾಡಿ ಕಟ್ಟದ ತೆರಿಗೆಯಂಥ ಆರೋಪದಲ್ಲಿ ಮೊತ್ತ 5 ಕೋಟಿ ದಾಟಿದರೆ ಜಿಎಸ್‌ಟಿಯಲ್ಲಿ ಜಾಮೀನುರಹಿತ ಅಪರಾಧ. 2025ರ ಫೆಬ್ರವರಿ 27ರ ರಾಧಿಕಾ ಅಗರ್ವಾಲ್ ತೀರ್ಪು ಬಂಧನದ ಅಧಿಕಾರ ಎತ್ತಿಹಿಡಿದರೂ, ನಿರೀಕ್ಷಣಾ ಜಾಮೀನು ಕೇಳಬಹುದು ಎಂದಿತು. ಬ್ಯಾಂಕ್ ಖಾತೆ ತಡೆದರೆ (83ನೇ ಕಲಂ) ಆಕ್ಷೇಪ ಸಲ್ಲಿಸಬಹುದು, ತಡೆಯ ಆಯಸ್ಸು ಒಂದು ವರ್ಷ. ಇ.ಡಿ. (ಜಾರಿ ನಿರ್ದೇಶನಾಲಯ) ಬಂದರೆ ಆಟವೇ ಬೇರೆ: ಇಸಿಐಆರ್, ಅಂದರೆ ಅವರು ಪ್ರಕರಣ ದಾಖಲಿಸುವ ಕಾಗದದ ಪ್ರತಿ ಕೊಡಬೇಕಿಲ್ಲ ಎಂದು 2022ರ ವಿಜಯ್ ಮದನ್‌ಲಾಲ್ ಚೌಧರಿ ತೀರ್ಪು, ಬಂಧಿಸಿದರೆ ಕಾರಣ ಬರವಣಿಗೆಯಲ್ಲೇ ಕೊಡಬೇಕು ಎಂದು 2023ರ ಅಕ್ಟೋಬರ್ 3ರ ಪಂಕಜ್ ಬನ್ಸಾಲ್ ತೀರ್ಪು. ಅಂಥ ಸಮನ್ಸಿಗೆ ಊರಿನ ತಂಡವಷ್ಟೇ ಸಾಲದು.

ಫೀಸು, ಮತ್ತು "ಒಳಗೆ ಮಾತಾಡುವವರು"

ಫೀಸನ್ನು ಹಂತವಾರು ಕೇಳಿ ಬರೆಸಿಕೊಳ್ಳಿ: ಶೋಧದ ದಿನ, ಪ್ರತಿ ಸಮನ್ಸ್, ನೋಟಿಸಿಗೆ ಉತ್ತರ, ಮೇಲ್ಮನವಿ, ರಿಟ್. ಮೇಲ್ಮನವಿಗೆ ಮೂರು ತಿಂಗಳು, ವಿವಾದದ ತೆರಿಗೆಯ ಶೇ 10 ಮುಂಗಡ ಕಟ್ಟಬೇಕು. ಅದು ಫೀಸಿನ ಹೊರಗಿನ ಖರ್ಚು. "ಉಳಿಸಿದ್ದರಲ್ಲಿ ಇಷ್ಟು ಪರ್ಸೆಂಟ್" ಎನ್ನುವ ವಕೀಲರಿಂದ ದೂರವಿರಿ, ಫಲಿತಾಂಶಕ್ಕೆ ಗಂಟುಹಾಕಿದ ಫೀಸು ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ.

ಇನ್ನೊಂದು ಜಾತಿ, "ಒಳಗೆ ಮಾತಾಡ್ತೀನಿ, ಸೆಟ್ಲ್ ಮಾಡಿಸ್ತೀನಿ" ಎನ್ನುವವರು. 2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ತಡೆ ಕಾಯ್ದೆಯ 7ಎ ಅಂಥ ಮಧ್ಯವರ್ತಿಗೆ, 8ನೇ ಕಲಂ ದುಡ್ಡು ಕೊಟ್ಟವನಿಗೆ. 2022ರ ಆಗಸ್ಟ್ 11ರಂದು ಹೈಕೋರ್ಟ್ ಎಸಿಬಿಯನ್ನು (ಭ್ರಷ್ಟಾಚಾರ ನಿಗ್ರಹ ದಳ) ರದ್ದು ಮಾಡಿದ ಮೇಲೆ ರಾಜ್ಯದ ನೌಕರರ ಮೇಲಿನ ಇಂಥ ಕೇಸುಗಳು ಮತ್ತೆ ಲೋಕಾಯುಕ್ತ ಪೊಲೀಸರ ಕೈಯಲ್ಲಿವೆ. ನೋಟಿಗೆ ಸವರಿದ ಫಿನಾಲ್ಫ್ತಲೀನ್ ಪುಡಿ, ಮುಟ್ಟಿದವನ ಬೆರಳನ್ನು ಸೋಡಿಯಂ ಕಾರ್ಬೊನೇಟ್ ನೀರಿಗೆ ಅದ್ದಿದಾಗ ಬರುವ ಗುಲಾಬಿ ಬಣ್ಣ ಎಲ್ಲರೂ ಕೇಳಿದ್ದೇ. ಕೇಳದೇ ಇರುವುದು ಕೊಟ್ಟವನ ಗಡುವು: ಬಲವಂತಕ್ಕೆ ಕೊಟ್ಟಿದ್ದೇ ಆದರೆ ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು. ಆ ಏಳು ದಿನ ಎಣಿಸುವುದು ಹಣ ಕೈಬಿಟ್ಟ ದಿನದಿಂದ, ವಕೀಲರನ್ನು ಕಂಡ ದಿನದಿಂದಲ್ಲ.